ಎರಡೂವರೆ ವರ್ಷದ ಮಾತು ಕಾಗದದ ಮೇಲಿರಲಿ

2025ರ ನವೆಂಬರ್ 20ಕ್ಕೆ ಸಿದ್ದರಾಮಯ್ಯನವರ ಎರಡನೇ ಸರ್ಕಾರ ಎರಡೂವರೆ ವರ್ಷ ಪೂರೈಸಿತು. ಆ ತಿಂಗಳು ರಾಜ್ಯದಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ಮುಖ್ಯಮಂತ್ರಿ ಮತ್ತು ಉಪಮುಖ್ಯಮಂತ್ರಿ ನಡುವೆ ಅಧಿಕಾರ ಹಂಚಿಕೆಯ ಒಪ್ಪಂದ ಆಗಿದೆ ಎಂದರು ಕೆಲವರು, ಆಗಿಲ್ಲ ಎಂದರು ಕೆಲವರು. ಆಗಿದ್ದರೂ ಅದು ಹೈಕಮಾಂಡ್ ಮುಂದೆ ಆದ ಮಾತು, ಬೀದಿಯಲ್ಲಿ ಆಡುವಂಥದ್ದಲ್ಲ ಎಂದರು ಮತ್ತೆ ಕೆಲವರು. ಶಾಸಕರು ದೆಹಲಿಗೆ ಹೋಗಿ ಬಂದರು. ನವೆಂಬರ್ ಕೊನೆ, ಡಿಸೆಂಬರ್ ಮೊದಲಿನಲ್ಲಿ ಮುಖ್ಯಮಂತ್ರಿ ಮತ್ತು ಉಪಮುಖ್ಯಮಂತ್ರಿ ಒಬ್ಬರ ಮನೆಯಲ್ಲೊಬ್ಬರು ತಿಂಡಿ ತಿಂದರು. ತಟ್ಟೆಯಲ್ಲಿ ಏನೇನಿತ್ತು ಎಂಬುದೂ ಸುದ್ದಿಯಾಯಿತು. ಸರ್ಕಾರ ರಚನೆಯಾದ 2023ರ ಮೇ ತಿಂಗಳಲ್ಲಿ ಏನು ಮಾತಾಗಿತ್ತು ಎಂಬುದು ಮಾತ್ರ ಜನರಿಗೆ ತಿಳಿಯಲಿಲ್ಲ.

ಯಾರು ಮುಖ್ಯಮಂತ್ರಿ ಆಗಬೇಕು ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಯಾರೇ ಆಗಲಿ, ಎಷ್ಟು ದಿನಕ್ಕೆ ಆಗುತ್ತಾರೆ ಎಂಬ ಮಾತು ಆಗಿದ್ದರೆ ಅದು ಬರಹದಲ್ಲಿರಬೇಕು, ಆ ಬರಹ ವಿಧಾನಸಭೆಯ ಮುಂದಿರಬೇಕು. ನನ್ನ ವಾದ ಇಷ್ಟೇ.

ನಾನು ಮಂಡ್ಯದ ಗುತ್ತಲಿನವಳು. ಜಿಲ್ಲಾ ಮಟ್ಟದ ಒಂದು ಕಚೇರಿಯಲ್ಲಿ ಗುಮಾಸ್ತಳಾಗಿ ಸೇರಿ, ಅಧೀಕ್ಷಕಿಯಾಗಿ ನಿವೃತ್ತಳಾದೆ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂಬುದು ನಮ್ಮ ಕಚೇರಿಯ ಮೊದಲ ಪಾಠ. ಅರ್ಕೇಶ್ವರ ಗುಡಿಯ ಸುತ್ತಿನ ನಮ್ಮ ಬೀದಿಗಳಲ್ಲಿ ಎರಡು ಕೋಣೆಯ ಮನೆಯೊಂದನ್ನು ಭೋಗ್ಯಕ್ಕೆ ಹಾಕಿಕೊಂಡರೂ ಛಾಪಾ ಕಾಗದ ತರುತ್ತಾರೆ. ಎಷ್ಟು ಹಣ, ಎಷ್ಟು ವರ್ಷ, ಬಿಡುವಾಗ ಎಷ್ಟು ತಿಂಗಳು ಮುಂಚೆ ಹೇಳಬೇಕು, ಸುಣ್ಣಬಣ್ಣ ಯಾರದು, ಎಲ್ಲ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸುತ್ತಾರೆ. ಆರು ಕೋಟಿಗೂ ಮಿಕ್ಕ ಜನರ ಸರ್ಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಮಾತಿಗೆ ಅಷ್ಟೂ ಬೇಡವೆ?

ಸಂವಿಧಾನ ಏನು ಹೇಳುತ್ತದೆ ನೋಡಿ. 172ನೇ ವಿಧಿ ವಿಧಾನಸಭೆಗೆ ಐದು ವರ್ಷ ಕೊಟ್ಟಿದೆ. ಸಚಿವ ಸಂಪುಟಕ್ಕೆ ವರ್ಷವನ್ನೇ ಹೇಳಿಲ್ಲ. 164ನೇ ವಿಧಿಯ ಪ್ರಕಾರ ಸಚಿವರು ರಾಜ್ಯಪಾಲರಿಗೆ ಸಮ್ಮತಿ ಇರುವವರೆಗೆ ಇರುತ್ತಾರೆ, ಸಂಪುಟ ಒಟ್ಟಾಗಿ ವಿಧಾನಸಭೆಗೆ ಹೊಣೆಯಾಗಿರುತ್ತದೆ. ರಾಜ್ಯಪಾಲರ ಸಮ್ಮತಿ ಎಂದರೆ ಬಹುಮತ ಇರುವವರೆಗೆ ಎಂದು ಅರ್ಥ. ಆ ಬಹುಮತವನ್ನು ರಾಜಭವನದಲ್ಲಿ ಎಣಿಸಬಾರದು, ಸದನದಲ್ಲೇ ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ರಾಜ್ಯದ ಪ್ರಕರಣದಲ್ಲೇ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದರು, 1994ರ ಮಾರ್ಚ್ 11ರಂದು ತೀರ್ಪು ಬಂತು. ತೀರ್ಪು ಬರುವ ಹೊತ್ತಿಗೆ, ವಜಾ ಆದ ನಂತರ ಆರಿಸಿಬಂದ ವಿಧಾನಸಭೆಯ ಮೂರನೇ ಮುಖ್ಯಮಂತ್ರಿ ಕುರ್ಚಿಯಲ್ಲಿದ್ದರು.

ಅಲ್ಲಿಂದಲೇ ಲೆಕ್ಕ ಹಿಡಿಯೋಣ. 1989ರ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ 224ರಲ್ಲಿ 178 ಸ್ಥಾನ. ಅಷ್ಟು ಬಲವಿದ್ದರೂ ಐದು ವರ್ಷದಲ್ಲಿ ವೀರೇಂದ್ರ ಪಾಟೀಲ, ಬಂಗಾರಪ್ಪ, ಮೊಯಿಲಿ ಎಂದು ಮೂವರು. 1994ರಲ್ಲಿ ಜನತಾದಳ ಬಂತು, ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದರು, ಜೆ.ಎಚ್. ಪಟೇಲರು ಬಂದರು. ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1999ರ ಅಕ್ಟೋಬರ್‌ನಿಂದ 2004ರ ಮೇವರೆಗೆ ಇದ್ದರು. ಐದು ವರ್ಷ ತುಂಬಲು ಬಿಡದೆ ತಾವೇ ಚುನಾವಣೆಯನ್ನು ಮುಂಚಿತವಾಗಿ ತಂದುಕೊಂಡರು. 2004ರ ವಿಧಾನಸಭೆ ಧರ್ಮಸಿಂಗ್, ಕುಮಾರಸ್ವಾಮಿ, ಯಡಿಯೂರಪ್ಪ ಮೂವರನ್ನೂ ನೋಡಿ, ಅವಧಿಗೆ ಮುಂಚೆಯೇ ವಿಸರ್ಜನೆಯಾಯಿತು. 2008ರದ್ದು ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್ ಅವರನ್ನು ಕಂಡಿತು. 2018ರದ್ದು ಎರಡೇ ದಿನದಲ್ಲಿ ರಾಜೀನಾಮೆ ಕೊಟ್ಟ ಯಡಿಯೂರಪ್ಪ, ಹದಿನಾಲ್ಕು ತಿಂಗಳ ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಕೊನೆಗೆ ಬಸವರಾಜ ಬೊಮ್ಮಾಯಿ. ಈ ಸಾಲಿನಲ್ಲಿ ಒಂದು ವಿಧಾನಸಭೆಯ ಐದು ವರ್ಷವನ್ನು ಒಬ್ಬರೇ ಪೂರ್ತಿ ನಡೆಸಿದ್ದು 2013ರಿಂದ 2018ರವರೆಗೆ ಸಿದ್ದರಾಮಯ್ಯ ಮಾತ್ರ. ಹಿಂದಕ್ಕೆ ಹೋದರೆ 1972ರಿಂದ 1977ರವರೆಗೆ ದೇವರಾಜ ಅರಸು, 1962ರ ಜೂನ್‌ನಿಂದ ಆರು ವರ್ಷದ ಹತ್ತಿರ ನಿಜಲಿಂಗಪ್ಪ. ಹೆಸರು ಅಲ್ಲಿಗೆ ಮುಗಿಯುತ್ತದೆ.

ಕರ್ನಾಟಕಕ್ಕೆ ಜರ್ಮನಿಯಲ್ಲೊಂದು ಜೊತೆಗಾರ ರಾಜ್ಯವಿದೆ. 2007ರಿಂದ ಬವೇರಿಯಾ ಮತ್ತು ನಮ್ಮ ನಡುವೆ ಸಹಭಾಗಿತ್ವ ಇದೆ. 1993ರ ಜೂನ್‌ನಿಂದ 2023ರ ಮೇವರೆಗಿನ ಮೂವತ್ತು ವರ್ಷದಲ್ಲಿ ಬವೇರಿಯಾವನ್ನು ಆಳಿದವರು ನಾಲ್ವರು: ಸ್ಟಾಯ್ಬರ್, ಬೆಕ್‌ಸ್ಟೈನ್, ಸೀಹೋಫರ್, ಸೋಡರ್. ಅದೇ ಮೂವತ್ತು ವರ್ಷದಲ್ಲಿ ನಮ್ಮ ವಿಧಾನಸೌಧದ ಮೂರನೇ ಮಹಡಿಯಲ್ಲಿ ಕುಳಿತವರು ಹನ್ನೊಂದು ಜನ. ಕೆಲವರು ಒಂದಕ್ಕಿಂತ ಹೆಚ್ಚು ಸಲ ಬಂದು ಹೋದದ್ದನ್ನು ಇದರಲ್ಲಿ ಬಿಡಿಯಾಗಿ ಎಣಿಸಿಲ್ಲ.

ಮುಖ್ಯಮಂತ್ರಿ ಬದಲಾದರೆ ಮಂಡ್ಯದಂಥ ಜಿಲ್ಲೆಯಲ್ಲಿ ಏನು ಬದಲಾಗುತ್ತದೆ ಎಂಬುದನ್ನು ನಾನು ನೋಡಿದ್ದು ಕೆಡಿಪಿ ಸಭೆಯ ಪುಸ್ತಕದಲ್ಲಿ. ಮೂರು ತಿಂಗಳಿಗೊಮ್ಮೆ ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ಪ್ರಗತಿ ಪರಿಶೀಲನಾ ಸಭೆ ನಡೆಯಬೇಕು. ಪ್ರತಿ ಇಲಾಖೆಯೂ ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ ಎಂದು ಎರಡು ಕಲಮಿನಲ್ಲಿ ಲೆಕ್ಕ ಕೊಡಬೇಕು. ಇವುಗಳ ಜೊತೆಗೆ ಬರುವ ಅನುಪಾಲನಾ ವರದಿಯೇ ಈ ಪುಸ್ತಕದ ಜೀವ. ಹಿಂದಿನ ಸಭೆಯಲ್ಲಿ ಸಚಿವರು ಕೊಟ್ಟ ಸೂಚನೆ ಎಡಗಡೆ, ಅದಕ್ಕೆ ಅಧಿಕಾರಿ ಏನು ಮಾಡಿದ ಎಂಬುದು ಬಲಗಡೆ. ಸೂಚನೆ ಕೊಟ್ಟ ಸಚಿವರೇ ಮುಂದಿನ ಸಭೆಯಲ್ಲೂ ಕುಳಿತರೆ ಅಧಿಕಾರಿಯ ಬೆನ್ನು ನೆಟ್ಟಗಾಗುತ್ತದೆ. 'ಹೋದ ಸಲವೂ ಇದನ್ನೇ ಹೇಳಿದ್ರಿ' ಎಂಬ ಒಂದು ಮಾತಿಗೆ ಇರುವ ಶಕ್ತಿ ಹತ್ತು ಸುತ್ತೋಲೆಗಿಲ್ಲ.

ಉಸ್ತುವಾರಿ ಬದಲಾದ ದಿನ ಮೊದಲು ನಡೆಯುವುದು ಮುಖಪುಟ ಕೀಳುವ ಕೆಲಸ. 'ಅಧ್ಯಕ್ಷತೆ: ಸನ್ಮಾನ್ಯ' ಎಂಬ ಸಾಲಿನ ಕೆಳಗೆ ಹೊಸ ಹೆಸರು, ಹೊಸ ಇಲಾಖೆ. ಸ್ಪೈರಲ್ ಬಿಚ್ಚಿ ಮೇಲಿನ ಹಾಳೆ ತೆಗೆದು ಇನ್ನೊಂದು ಹಾಕುವುದು ಅರ್ಧ ದಿನದ ಕೆಲಸ. ಒಳಗಿನ ಅನುಪಾಲನಾ ವರದಿಗೆ ಮೇಲಧಿಕಾರಿಗಳು ಕೈಯಿಟ್ಟಾಗ ನನಗೆ ಕಸಿವಿಸಿಯಾಗುತ್ತಿತ್ತು. 'ಇದು ಹಿಂದಿನ ಸಾಹೇಬರು ಹೇಳಿದ್ದು, ಈಗ ಬೇಡ ಬಿಡಿ' ಎಂದು ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆಯುತ್ತಿದ್ದರು. ಹೊಸ ಸಚಿವರಿಗೆ ಮೊದಲ ಸಭೆ ಪರಿಚಯಕ್ಕೆ, ಎರಡನೆಯದು ಹೊಸ ಸೂಚನೆಗಳಿಗೆ. ಮೂರನೆಯದರ ಹೊತ್ತಿಗೆ ಅವರೂ ಇರುತ್ತಾರೋ ಇಲ್ಲವೋ ಯಾರಿಗೆ ಗೊತ್ತು.

2018ರಿಂದ 2023ರವರೆಗೆ ಮಂಡ್ಯ ಜಿಲ್ಲೆಯ ಉಸ್ತುವಾರಿ ಯಾರ್‍ಯಾರ ಕೈಗೆ ಹೋಯಿತು ನೋಡಿ. ಆ ಚುನಾವಣೆಯಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಸ್ಥಾನ ಜೆಡಿಎಸ್‌ಗೆ. ಮೇಲುಕೋಟೆಯ ಸಿ.ಎಸ್. ಪುಟ್ಟರಾಜು ಉಸ್ತುವಾರಿಯಾದರು, ಮದ್ದೂರಿನ ಡಿ.ಸಿ. ತಮ್ಮಣ್ಣ ಸಾರಿಗೆ ಸಚಿವರಾದರು. 2019ರ ಜುಲೈ 23ರಂದು ವಿಶ್ವಾಸಮತ 99ಕ್ಕೆ 105ರಿಂದ ಬಿದ್ದು ಸರ್ಕಾರ ಹೋಯಿತು. ನಂತರ ಬೆಂಗಳೂರಿನ ಆರ್. ಅಶೋಕ್ ಉಸ್ತುವಾರಿ. ಸರ್ಕಾರ ಬೀಳಿಸಿದ ಹದಿನೇಳು ಜನರಲ್ಲಿ ನಮ್ಮ ಕೆ.ಆರ್. ಪೇಟೆಯ ನಾರಾಯಣಗೌಡರೂ ಒಬ್ಬರು. ಅನರ್ಹರಾಗಿ, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು, ಮಂತ್ರಿಯಾಗಿ, 2020ರಲ್ಲಿ ಉಸ್ತುವಾರಿಯೂ ಆದರು. 2022ರ ಜನವರಿಯಲ್ಲಿ ಅವರನ್ನು ಶಿವಮೊಗ್ಗಕ್ಕೆ ಕಳಿಸಿ ಮಂಡ್ಯವನ್ನು ಕೆ. ಗೋಪಾಲಯ್ಯನವರಿಗೆ ಕೊಟ್ಟರು. 2023ರ ಆರಂಭಕ್ಕೆ ಮತ್ತೆ ಅಶೋಕ್ ಎಂದು ಆದೇಶವಾಯಿತು. ಊರಿನ ಗೋಡೆಗಳ ಮೇಲೆ 'ಗೋ ಬ್ಯಾಕ್ ಅಶೋಕ್' ಎಂಬ ಪೋಸ್ಟರ್ ಬಿದ್ದವು, ಅವರೂ ಈ ಹೊಣೆ ಬೇಡವೆಂದರು. ಅಷ್ಟರಲ್ಲಿ ಚುನಾವಣೆ ಬಂತು, ಕಾಂಗ್ರೆಸ್ ಜಿಲ್ಲೆಯ ಐದು ಸ್ಥಾನ ಗೆದ್ದಿತು, ನಾಗಮಂಗಲದ ಚಲುವರಾಯಸ್ವಾಮಿ ಕೃಷಿ ಸಚಿವರಾಗಿ ಉಸ್ತುವಾರಿ ವಹಿಸಿಕೊಂಡರು.

ಇದೇ ಅವಧಿಯ ಇನ್ನೊಂದು ಕಥೆ ವಿಶ್ವೇಶ್ವರಯ್ಯ ನಾಲೆಯದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸು ನಾಲೆಗೆ ಉರುಳಿ ಶಾಲಾ ಮಕ್ಕಳೂ ಸೇರಿ 30 ಜನ ಸತ್ತರು. ಅದೇ ರಾತ್ರಿ ಜಿಲ್ಲೆಯ ನಟ, ಮಾಜಿ ಸಚಿವ ಅಂಬರೀಶ್ ತೀರಿಕೊಂಡರು. ಜಿಲ್ಲೆಗೆ ಒಂದೇ ದಿನ ಎರಡು ಸಾವಿನ ಮನೆ. ಮುಖ್ಯಮಂತ್ರಿ, ಉಸ್ತುವಾರಿ, ಸಾರಿಗೆ ಸಚಿವರೆಲ್ಲ ಒಂದೇ ಪಕ್ಷದವರು, ಇಬ್ಬರು ಸಚಿವರು ಜಿಲ್ಲೆಯವರೇ. ನಾಲೆಯ ಏರಿಯ ರಸ್ತೆಗೆ ತಡೆಗೋಡೆ ಬೇಕೆಂದು ಕೇಳದ ಊರಿಲ್ಲ. ಐದು ವರ್ಷ ಕಳೆದು 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಸತ್ತರು. ಆಗಲೂ ತಡೆಗೋಡೆಯದ್ದೇ ಮಾತು. ಸಚಿವರು ಬದಲಾದದ್ದರಿಂದಲೇ ಅವರು ಸತ್ತರು ಎಂದು ನಾನು ಹೇಳುತ್ತಿಲ್ಲ. ಆ ಐದು ವರ್ಷದಲ್ಲಿ 'ನೀವು ಹೇಳಿದ ಕೆಲಸ ಎಲ್ಲಿಗೆ ಬಂತು' ಎಂದು ಜನ ಯಾರನ್ನು ಹಿಡಿದು ಕೇಳಬೇಕಿತ್ತು? ಒಬ್ಬರನ್ನು ಕೇಳಿದರೆ ಅದು ಹಿಂದಿನವರ ಕಾಲದ್ದು ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅದು ಸುಳ್ಳೂ ಅಲ್ಲ.

ಮೈಷುಗರ್ ಕಾರ್ಖಾನೆಯದೂ ಇದೇ ಪಾಡು. 1933ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕಾರ್ಖಾನೆ ಅರೆಯುವ ದಿನಗಳಲ್ಲಿ ಕಾಕಂಬಿಯ ವಾಸನೆ ಊರಿಗೆಲ್ಲ ಹಬ್ಬುತ್ತದೆ. ನಿಂತು ವರ್ಷಗಳೇ ಆಗಿದ್ದಾಗ ಅದನ್ನು ನಲವತ್ತು ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಡಬೇಕು ಎಂದು ಯಡಿಯೂರಪ್ಪನವರ ಕಾಲದಲ್ಲಿ ಹೊರಟಿತ್ತು. 2021ರ ಜುಲೈನಲ್ಲಿ ಮುಖ್ಯಮಂತ್ರಿ ಬದಲಾದರು, ಪಕ್ಷ ಅದೇ. ಅಕ್ಟೋಬರ್ ಹೊತ್ತಿಗೆ ಸರ್ಕಾರವೇ ನಡೆಸುತ್ತದೆ ಎಂದು ಬೊಮ್ಮಾಯಿ ಹೇಳಿದರು. 2022ರ ಆಗಸ್ಟ್‌ನಲ್ಲಿ ಗಾಣ ತಿರುಗಿತು. ರೈತರ ಚಳವಳಿ ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ, ಆ ಬದಲಾವಣೆ ಒಳ್ಳೆಯದೇ ಆಯಿತು ಎಂದು ನಾನೂ ಒಪ್ಪುತ್ತೇನೆ. ಒಂದು ಕಾರ್ಖಾನೆಯ ನಲವತ್ತು ವರ್ಷದ ಹಣೆಬರಹ ಯಾವ ತಿಂಗಳಲ್ಲಿ ಯಾರು ಕುರ್ಚಿಯಲ್ಲಿದ್ದಾರೆ ಎಂಬುದರ ಮೇಲೆ ನಿಂತಿತ್ತಲ್ಲ, ಅದನ್ನು ಮಾತ್ರ ಒಪ್ಪಲಾಗುವುದಿಲ್ಲ. ಕಬ್ಬು ಹಾಕುವವನು ಹದಿನಾಲ್ಕು ತಿಂಗಳು ಮುಂದಕ್ಕೆ ನೋಡಿ ಬಿತ್ತನೆ ಮಾಡುತ್ತಾನೆ, ಕೂಳೆ ಬಿಟ್ಟರೆ ಇನ್ನೂ ಮುಂದಕ್ಕೆ. ಸರ್ಕಾರ ಅಷ್ಟು ದೂರ ನೋಡಬೇಡವೆ?

ಇದನ್ನೆಲ್ಲ ಹಾಲಿನ ಡೇರಿಯ ಮುಂದೆ ಹೇಳಿದಾಗ ನಮ್ಮ ಬೀದಿಯ ಹುಡುಗನೊಬ್ಬ ನಕ್ಕ. ಅವನದು ಊರಾಚೆ ಒಂದೂವರೆ ಎಕರೆ ನಾಲೆ ಬಯಲಿನ ಗದ್ದೆ.

'ಅಯ್ಯೋ ಬುಡಕ್ಕ, ಯಾರ್ ಕುಂತ್ರೆ ನಮ್ಗೇನು? ಐದ್ ವರ್ಸ ಒಬ್ನೇ ಇದ್ರೂ ನಾಲೆಗೆ ನೀರ್ ಬುಡೋದು ಅವ್ರಿಗೆ ಮನ್ಸ್ ಬಂದಾಗ್ಲೇ ಅಲ್ವಾ?'

'ಆ ಮನ್ಸು ಯಾರ್ದು ಅಂತ ಗೊತ್ತೇನೋ? ನೀರು ಬಿಡೋ ದಿನ ಗೊತ್ತುಮಾಡೋ ಸಭೇಲಿ ಮಧ್ಯದ ಕುರ್ಚಿಲಿ ಕೂರೋರು ಯಾರು?'

'ಉಸ್ತುವಾರಿ ಮಂತ್ರಿ.'

'ಮತ್ತೆ? ಆ ಕುರ್ಚಿಗೆ ವರ್ಷವರ್ಷಕ್ಕೊಬ್ರು ಬಂದ್ರೆ ನಿನ್ನ ಗದ್ದೆಗೆ ಏನೂ ಇಲ್ವ?'

ಅವನು ತಲೆ ಕೆರೆದುಕೊಂಡ. 'ಅಂಗಾರೆ ಎಷ್ಟ್ ದಿನ ಇರ್ತೀನಿ ಅಂತ ಮೊದ್ಲೇ ಬರ್ಸ್ಕೊಂಡು ಕೂರ್ಸ್ಬೇಕು ಕಣಕ್ಕ' ಎಂದ. ನಾನು ಹೇಳಬೇಕೆಂದಿದ್ದೂ ಅದನ್ನೇ. ಕೆ.ಆರ್.ಎಸ್. ಅಣೆಕಟ್ಟೆಯ ನೀರನ್ನು ಎಂದು ಬಿಡಬೇಕು, ಎಷ್ಟು ದಿನ ಬಿಟ್ಟು ಎಷ್ಟು ದಿನ ನಿಲ್ಲಿಸಬೇಕು ಎಂಬ ಕಟ್ಟು ನೀರಿನ ಲೆಕ್ಕವನ್ನು ಗೊತ್ತುಮಾಡುವ ನೀರಾವರಿ ಸಲಹಾ ಸಮಿತಿಗೆ ಉಸ್ತುವಾರಿ ಸಚಿವರದ್ದೇ ಅಧ್ಯಕ್ಷತೆ. ಬೆಂಗಳೂರಿನ ಕುರ್ಚಿಯಾಟ ನಮ್ಮ ಗದ್ದೆಯ ಬದುವಿನವರೆಗೂ ಬಂದು ಮುಟ್ಟುವುದು ಈ ದಾರಿಯಲ್ಲಿ.

ಮಾತಿನ ಮೇಲೆ ಅಧಿಕಾರ ಹಸ್ತಾಂತರವಾಗಿ, ಮಾತು ಉಳಿದದ್ದೂ ನಮ್ಮ ರಾಜ್ಯದಲ್ಲಿ ಉಂಟು. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಹುನಗುಂದದ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪ ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ, ಮಾರ್ಚ್‌ನಲ್ಲಿ ಕುಳಿತ ಕಂಠಿ ಜೂನ್‌ನಲ್ಲಿ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅವರಿಗೆ ಯಾರೂ ಕಾಗದ ಬರೆಸಿಕೊಂಡಿರಲಿಲ್ಲ. ಅಂಥ ಮನುಷ್ಯರು ಸಿಕ್ಕಾಗ ಕಾಗದ ಬೇಕಿಲ್ಲ, ಸಿಗದಿದ್ದಾಗ ಬೇಕು. ಯಾರು ಸಿಗುತ್ತಾರೆ ಎಂದು ಮೊದಲೇ ತಿಳಿಯುವ ಉಪಾಯವಿಲ್ಲವಾದ್ದರಿಂದ ಯಾವಾಗಲೂ ಬರೆದಿಡುವುದೇ ಸರಿ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2007 ಸಾಕ್ಷಿ. 2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58 ಗೆದ್ದು ಯಾರಿಗೂ ಬಹುಮತ ಬಂದಿರಲಿಲ್ಲ. 2006ರ ಫೆಬ್ರುವರಿ 3ರಂದು ಕುಮಾರಸ್ವಾಮಿ ಬಿಜೆಪಿಯ ಬೆಂಬಲದಿಂದ ಮುಖ್ಯಮಂತ್ರಿಯಾದರು. ಇಪ್ಪತ್ತು ತಿಂಗಳು ಅವರು, ಇಪ್ಪತ್ತು ತಿಂಗಳು ಯಡಿಯೂರಪ್ಪ ಎಂಬುದು ಮಾತು. ಇಪ್ಪತ್ತು ತಿಂಗಳು ಮುಗಿದಾಗ ಕುರ್ಚಿ ಕೈ ಬದಲಾಗಲಿಲ್ಲ. ಬೆಂಬಲ ಹೋಯಿತು, 2007ರ ಅಕ್ಟೋಬರ್ 8ಕ್ಕೆ ರಾಜೀನಾಮೆ, ರಾಷ್ಟ್ರಪತಿ ಆಳ್ವಿಕೆ. ಮತ್ತೆ ರಾಜಿಯಾಗಿ ನವೆಂಬರ್ 12ಕ್ಕೆ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಆ ವಾರದಲ್ಲಿ ಜೆಡಿಎಸ್ ಕಡೆಯಿಂದ ಹನ್ನೆರಡು ಷರತ್ತುಗಳ ಮಾತು ಬಂತು. ಬಿಜೆಪಿ ಒಪ್ಪಲಿಲ್ಲ, 19ನೇ ತಾರೀಖು ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸರ್ಕಾರ ಬಾಳಿದ್ದು ಒಂದು ವಾರ. ಯಾರು ವಚನಭ್ರಷ್ಟರು ಎಂದು ರಾಜ್ಯ ಇವತ್ತಿಗೂ ಜಗಳವಾಡುತ್ತದೆ. ಮದ್ದೂರಿನ ಹೋಟೆಲಿನಲ್ಲಿ ವಡೆ ತಿನ್ನುತ್ತಾ ಇಬ್ಬರು ಈ ವಿಷಯ ಎತ್ತಿದರೆ ವಡೆ ಆರಿ ತಣ್ಣಗಾಗುತ್ತದೆ. ಅಸಲು ಮಾತು ಏನಿತ್ತೆಂದು ತೋರಿಸಲು ಕಾಗದವೇ ಇಲ್ಲದಿರುವುದರಿಂದ ಜಗಳ ತೀರುವುದಿಲ್ಲ. ಷರತ್ತು ಹಾಕಬಾರದಿತ್ತು ಎಂದು ನಾನು ಹೇಳುವುದಿಲ್ಲ. ಪ್ರಮಾಣವಚನಕ್ಕೆ ಮುಂಚೆ, 2006ರಲ್ಲೇ, ಎರಡೂ ಕಡೆಯವರು ಸಹಿ ಹಾಕಿ ಜನರ ಮುಂದೆ ಇಡಬೇಕಿತ್ತು.

ಬವೇರಿಯಾದಲ್ಲಿ ಹೇಗೆ ಮಾಡುತ್ತಾರೆ ನೋಡಿ. 2023ರ ಅಕ್ಟೋಬರ್ 8ರಂದು ಅಲ್ಲಿ ಚುನಾವಣೆ. ಸೋಡರ್ ಅವರ ಸಿಎಸ್‌ಯು ಪಕ್ಷ ದೊಡ್ಡದು, ಆದರೆ ಬಹುಮತ ಇಲ್ಲ. ಐವಾಂಗರ್ ಅವರ ಫ್ರೈಯೆ ವೇಲರ್ ಪಕ್ಷದ ಜೊತೆ ಮಾತುಕತೆ ನಡೆಸಿ ಅಕ್ಟೋಬರ್ 26ರಂದು ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದರು. ಐದು ವರ್ಷದಲ್ಲಿ ಯಾವ ವಿಷಯದಲ್ಲಿ ಏನು ಮಾಡುತ್ತೇವೆ ಎಂಬುದು ಅದರಲ್ಲಿ ಇಲಾಖಾವಾರು ಇದೆ. ಚಿಕ್ಕ ಪಕ್ಷಕ್ಕೆ ನಾಲ್ಕು ಖಾತೆ. ಒಪ್ಪಂದ ಪ್ರಕಟವಾಗಿದೆ, ಯಾರು ಬೇಕಾದರೂ ಓದಬಹುದು. ಬವೇರಿಯಾದ ಸಂವಿಧಾನದ 44ನೇ ವಿಧಿ ಹೊಸ ಸದನ ಸೇರಿದ ಒಂದು ವಾರದೊಳಗೆ ಮುಖ್ಯಮಂತ್ರಿಯನ್ನು ಸದನವೇ ಆರಿಸಬೇಕು, ಐದು ವರ್ಷದ ಅವಧಿಗೆ ಆರಿಸಬೇಕು ಎನ್ನುತ್ತದೆ. ಅಕ್ಟೋಬರ್ 30ಕ್ಕೆ ಸದನ ಸೇರಿತು, 31ಕ್ಕೆ ಸೋಡರ್ ಆಯ್ಕೆಯಾದರು, ನವೆಂಬರ್ 8ಕ್ಕೆ ಸಂಪುಟ. ಸಚಿವರೂ ಕಿರಿಯ ಸಚಿವರೂ ಸೇರಿ ಹದಿನೇಳಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ನಮ್ಮಲ್ಲಿ 2003ರ 91ನೇ ತಿದ್ದುಪಡಿಯ ನಂತರ ಶೇ 15ರ ಮಿತಿ, ಅಂದರೆ 34 ಜನ.

ಜರ್ಮನಿಯ ಇನ್ನೊಂದು ಏರ್ಪಾಡನ್ನು ನಮ್ಮ ಪಂಡಿತರು ಬಹಳ ಹೊಗಳುತ್ತಾರೆ. ಸರ್ಕಾರವನ್ನು ಬೀಳಿಸಬೇಕೆನ್ನುವವರು ಅದೇ ಮತದಾನದಲ್ಲಿ ಮುಂದಿನ ನಾಯಕನ ಹೆಸರು ಹೇಳಿ ಬಹುಮತ ತೋರಿಸಬೇಕು. ಸುಮ್ಮನೆ ಬೀಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಒಂದನೇ ಮಹಾಯುದ್ಧದ ನಂತರದ ಹದಿನಾಲ್ಕು ವರ್ಷದಲ್ಲಿ ಇಪ್ಪತ್ತರ ಹತ್ತಿರ ಸಂಪುಟ ಕಂಡು, ಕೊನೆಗೆ ಹಿಟ್ಲರನ ಕೈಗೆ ಸಿಕ್ಕ ದೇಶ ಅದು. ಆ ಪೆಟ್ಟು ತಿಂದು 1949ರಲ್ಲಿ ಕೇಂದ್ರಕ್ಕೆ ಈ ನಿಯಮ ಬರೆದುಕೊಂಡಿತು. ಬಾಡೆನ್-ವುರ್ಟೆಂಬರ್ಗ್, ನಾರ್ತ್ ರೈನ್-ವೆಸ್ಟ್‌ಫಾಲಿಯಾದಂಥ ರಾಜ್ಯಗಳಲ್ಲೂ ಇದಿದೆ. ನಮ್ಮ ಕಾನೂನು ಆಯೋಗ 1999ರ 170ನೇ ವರದಿಯಲ್ಲಿ ಇದನ್ನು ಶಿಫಾರಸು ಮಾಡಿತು. ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಆಯೋಗ 2002ರಲ್ಲಿ ಅದನ್ನೇ ಹೇಳಿತು.

ನಾನು ಅದಕ್ಕೆ ವಿರೋಧಿಯಲ್ಲ. ಆದರೆ ಕರ್ನಾಟಕದ ರೋಗಕ್ಕೆ ಅದೊಂದೇ ಮದ್ದಲ್ಲ. 2019ರಲ್ಲಿ ಆ ನಿಯಮ ಇದ್ದಿದ್ದರೂ ಸರ್ಕಾರ ಉಳಿಯುತ್ತಿತ್ತು ಎನ್ನಲಾಗದು. ಮುಂದೆ ಯಾರು ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅವರ ಹೆಸರು ಹೇಳಲು ಯಾರಿಗೂ ಕಷ್ಟವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮುಖ್ಯಮಂತ್ರಿಗಳಲ್ಲಿ ಬಹುಪಾಲು ಜನ ಸದನದಲ್ಲಿ ಸೋತು ಹೋದವರಲ್ಲ, ಪಕ್ಷದೊಳಗೆ ಹೋದವರು. 1990ರಲ್ಲಿ ಕಾಯಿಲೆ ಬಿದ್ದಿದ್ದ ವೀರೇಂದ್ರ ಪಾಟೀಲರ ಭವಿಷ್ಯ ತೀರ್ಮಾನವಾದದ್ದು ವಿಮಾನ ನಿಲ್ದಾಣದಲ್ಲಿ. 2021ರಲ್ಲಿ ಯಡಿಯೂರಪ್ಪ ರಾಜೀನಾಮೆ ಘೋಷಿಸಿದ್ದು ಸರ್ಕಾರಕ್ಕೆ ಎರಡು ವರ್ಷ ತುಂಬಿದ ಸಮಾರಂಭದಲ್ಲಿ. ಎರಡು ಸಲವೂ ಸದನದಲ್ಲಿ ಒಂದು ಮತವೂ ಬೀಳಲಿಲ್ಲ. ಪಕ್ಷದೊಳಗಿನ ಮಾತಿಗೆ ಜರ್ಮನಿಯ ಅವಿಶ್ವಾಸ ನಿಯಮ ಏನು ಮಾಡೀತು?

ಕಾಗದವೂ ಸರ್ವರೋಗಕ್ಕೆ ಮದ್ದಲ್ಲ. ತುರಿಂಗಿಯಾ ರಾಜ್ಯದಲ್ಲಿ 2020ರ ಫೆಬ್ರುವರಿಯಲ್ಲಿ ಆಯ್ಕೆಯಾದ ಮುಖ್ಯಮಂತ್ರಿ ಮೂರೇ ದಿನಕ್ಕೆ ರಾಜೀನಾಮೆ ಘೋಷಿಸಿದರು. ಬರ್ಲಿನ್‌ನಲ್ಲಿ ಮೂರು ಪಕ್ಷಗಳು 2021ರಲ್ಲಿ ನೂರೆಪ್ಪತ್ತಕ್ಕೂ ಮೀರಿದ ಪುಟದ ಒಪ್ಪಂದ ಮಾಡಿಕೊಂಡು ಕಟ್ಟಿದ, ಷೋಲ್ಜ್ ನೇತೃತ್ವದ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಮುರಿಯಿತು. ಮೈತ್ರಿ ಒಪ್ಪಂದ ಮುರಿದರು ಎಂದು ಅಲ್ಲಿ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಆದರೂ ಅದಕ್ಕೊಂದು ಬೆಲೆ ಇದೆ. ಮುರಿದಾಗ ಯಾವ ಪುಟದ ಯಾವ ಮಾತನ್ನು ಯಾರು ಮುರಿದರು ಎಂದು ಮತದಾರ ತೆರೆದು ನೋಡಬಹುದು. ನೋಡಿದ ಮೂರು ತಿಂಗಳಿಗೆ, 2025ರ ಫೆಬ್ರುವರಿಯಲ್ಲಿ, ಅಲ್ಲಿಯ ಜನ ಮತ ಹಾಕಿದರು. ನಮಗೆ 2007ರಲ್ಲಿ ಸಿಗದೆ ಹೋದದ್ದು ಅದೇ.

ಇನ್ನೊಂದು ಆಕ್ಷೇಪವೂ ಬರುತ್ತದೆ. ಐದು ವರ್ಷ ಗ್ಯಾರಂಟಿ ಎಂದು ಗೊತ್ತಾದರೆ ಸಚಿವರು ಸೊಕ್ಕಿ ಹೋಗುವುದಿಲ್ಲವೆ? ಕೆಲಸ ಮಾಡದವರನ್ನು ತೆಗೆಯುವುದು ಬೇಡವೆ? ಖಂಡಿತ ಬೇಕು. 2016ರ ಜೂನ್‌ನಲ್ಲಿ ಸಂಪುಟ ಪುನರ್‌ರಚನೆಯಾಗಿ ಅಂಬರೀಶ್ ಮಂತ್ರಿಸ್ಥಾನ ಹೋದಾಗ ಮಂಡ್ಯದಲ್ಲಿ ರಸ್ತೆ ತಡೆದು ಟೈರ್ ಸುಟ್ಟರು. ಮುಖ್ಯಮಂತ್ರಿಗೆ ಆ ಅಧಿಕಾರ ಇದೆ, ಇರಲೂ ಬೇಕು. ನಾನು ಕೇಳುತ್ತಿರುವುದು ಖಾಯಂ ನೌಕರಿಯಲ್ಲ. ತಪ್ಪಿಗೆ ತೆಗೆದರೆ ತಪ್ಪು ಹೇಳಿ ತೆಗೆಯಿರಿ, ಒಪ್ಪಂದಕ್ಕೆ ತೆಗೆದರೆ ಒಪ್ಪಂದ ತೋರಿಸಿ ತೆಗೆಯಿರಿ. ಎರಡೂ ಇಲ್ಲದೆ 'ಹೈಕಮಾಂಡ್ ಹೇಳಿದಂತೆ' ಎಂದರೆ ಮತ ಹಾಕಿದವರ ಪಾತ್ರ ಏನು?

ಅವಧಿ ಮುಗಿಯುವ ದಿನ ಮೊದಲೇ ತಿಳಿದಿರುವುದು ಕೆಟ್ಟದ್ದೂ ಅಲ್ಲ. ಕಡಿದಾಳ್ ಮಂಜಪ್ಪನವರು 1956ರ ಆಗಸ್ಟ್ 19ರಂದು ಮುಖ್ಯಮಂತ್ರಿಯಾದಾಗ, ನವೆಂಬರ್ 1ಕ್ಕೆ ಭಾಷಾವಾರು ರಾಜ್ಯ ಉದಯವಾಗುತ್ತದೆ, ಹಳೆಯ ಮೈಸೂರು ರಾಜ್ಯ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಎರಡೂವರೆ ತಿಂಗಳಿಗೂ ಕಡಿಮೆ ಅವಧಿ. ಕೊನೆಯ ದಿನ ಗೊತ್ತಿದ್ದುದರಿಂದ ಕಚೇರಿಗಳು ಲೆಕ್ಕ ಮುಗಿಸಿ ಹೊಸ ರಾಜ್ಯಕ್ಕೆ ಒಪ್ಪಿಸಬಹುದಿತ್ತು. ಇವತ್ತಿನ ಸಚಿವರ ಆಪ್ತ ಸಹಾಯಕರನ್ನು ಕೇಳಿ ನೋಡಿ. ನವೆಂಬರ್ ಕ್ರಾಂತಿ, ಸಂಕ್ರಾಂತಿಗೆ ಬದಲಾವಣೆ, ಯುಗಾದಿಗೆ ಪುನರ್‌ರಚನೆ ಎಂಬ ಸುದ್ದಿ ಎದ್ದ ತಿಂಗಳಲ್ಲಿ ದೊಡ್ಡ ಕಡತಗಳು ಮೇಜಿನ ಮೇಲೇ ಮಲಗಿರುತ್ತವೆ, ವರ್ಗಾವಣೆಯ ಕಡತ ಮಾತ್ರ ಓಡುತ್ತಿರುತ್ತದೆ.

ಹಾಗಾದರೆ ಏನು ಮಾಡಬೇಕು? ಸಂವಿಧಾನ ತಿದ್ದುವ ದೊಡ್ಡ ಕೆಲಸ ಬೇಡ. 208ನೇ ವಿಧಿಯ ಪ್ರಕಾರ ವಿಧಾನಸಭೆ ತನ್ನ ಕಾರ್ಯವಿಧಾನದ ನಿಯಮಗಳನ್ನು ತಾನೇ ಮಾಡಿಕೊಳ್ಳಬಹುದು. ಅದರಲ್ಲಿ ಎರಡು ವಾಕ್ಯ ಸೇರಿಸಿದರೆ ಸಾಕು. ಹೊಸ ಮುಖ್ಯಮಂತ್ರಿ ಮೊದಲ ಅಧಿವೇಶನದಲ್ಲಿ ಒಂದು ಹೇಳಿಕೆಯನ್ನು ಸದನದ ಮುಂದಿಡಬೇಕು. ಅಧಿಕಾರ ಹಂಚಿಕೆಯ ಮಾತು ಯಾರ ಜೊತೆಗಾದರೂ, ಸ್ವಂತ ಪಕ್ಷದವರ ಜೊತೆಗಾದರೂ, ಆಗಿದ್ದರೆ ಅದು ಏನು, ಎಷ್ಟು ದಿನಕ್ಕೆ. ಆಗಿಲ್ಲದಿದ್ದರೆ ಆಗಿಲ್ಲ ಎಂದು. ಸದನಕ್ಕೆ ಸುಳ್ಳು ಹೇಳಿದರೆ ಹಕ್ಕುಚ್ಯುತಿಯ ದಾರಿ ಇದ್ದೇ ಇದೆ.

ಜಿಲ್ಲಾ ಉಸ್ತುವಾರಿಯದು ಇನ್ನೂ ಸುಲಭ. ಸಂವಿಧಾನದಲ್ಲಿ ಅಂಥ ಹುದ್ದೆಯೇ ಇಲ್ಲ, ಮುಖ್ಯಮಂತ್ರಿ ತೀರ್ಮಾನಿಸಿ ಹೊರಡಿಸುವ ಆದೇಶ ಅಷ್ಟೆ. ಆದೇಶದಲ್ಲೇ ಅವಧಿ ಬರೆಯಲಿ. ಅವಧಿಗೆ ಮುಂಚೆ ಬದಲಾಯಿಸಿದರೆ ಕಾರಣ ಬರೆಯಲಿ. ಹೋಗುವ ಸಚಿವರು ಬರುವವರಿಗೆ ಅನುಪಾಲನಾ ವರದಿಯನ್ನು ಸಹಿ ಮಾಡಿ ಒಪ್ಪಿಸಲಿ. ಯಾವ ಸೂಚನೆ ಬಾಕಿ ಇದೆ, ಎಷ್ಟು ಹಣ ಬಿಡುಗಡೆಯಾಗಿದೆ, ನಾಲೆಯ ತಡೆಗೋಡೆ ಎಷ್ಟು ಮೀಟರ್ ಆಗಿದೆ, ಎಷ್ಟು ಉಳಿದಿದೆ ಎಂಬುದು ಅದರಲ್ಲಿರಲಿ. ನಿವೃತ್ತಿಯ ದಿನ ಗುಮಾಸ್ತನೊಬ್ಬ ಬೀರುವಿನ ಕೀಲಿಕೈ, ಕಡತಗಳ ಪಟ್ಟಿ, ಅಂಚೆಚೀಟಿಯ ಲೆಕ್ಕದವರೆಗೆ ಎಲ್ಲವನ್ನೂ ಪ್ರಭಾರ ವಹಿಸಿಕೊಟ್ಟು ಸಹಿ ಹಾಕಿಯೇ ಕಚೇರಿ ಬಿಡಬೇಕು. ಒಂದು ಇಡೀ ಜಿಲ್ಲೆಯ ಹೊಣೆ ಹೊತ್ತವರಿಗೆ ಈ ನಿಯಮ ಹೆಚ್ಚಾಗುವುದಿಲ್ಲ.

ಇದನ್ನು ಯಾರು ಎತ್ತಬೇಕು? ಮಂಡ್ಯದ ಏಳು ಶಾಸಕರೇ ಎತ್ತಬಹುದು. ಅವರಲ್ಲಿ ಕಾಂಗ್ರೆಸ್ಸಿನವರಿದ್ದಾರೆ, ಜೆಡಿಎಸ್‌ನವರಿದ್ದಾರೆ, ರೈತ ಚಳವಳಿಯ ಸರ್ವೋದಯ ಕರ್ನಾಟಕದವರೂ ಇದ್ದಾರೆ. ಬರೆಯದ ಮಾತಿನಿಂದ ಜೆಡಿಎಸ್ ಒಮ್ಮೆ ಕೆಟ್ಟ ಹೆಸರು ಹೊತ್ತಿತು, ಬಿಜೆಪಿ ಒಮ್ಮೆ ಅಧಿಕಾರ ಕಳೆದುಕೊಂಡಿತು, ಕಾಂಗ್ರೆಸ್ ತಿಂಗಳುಗಟ್ಟಲೆ ಉತ್ತರ ಹೇಳಲಾಗದೆ ಒದ್ದಾಡಿತು. ಹಾಗಾಗಿ ಇದರಲ್ಲಿ ಯಾವ ಪಕ್ಷಕ್ಕೂ ನಷ್ಟವಿಲ್ಲ. ನಿಯಮ ತಿದ್ದುಪಡಿಯ ಸೂಚನೆಗೆ ಸಹಿ ಹಾಕಲು ಈ ಏಳು ಜನರಲ್ಲಿ ಯಾರು ಸಿದ್ಧರಿದ್ದಾರೆ, ಯಾರಿಲ್ಲ ಎಂಬುದನ್ನು ಮುಂದಿನ ಅಧಿವೇಶನಕ್ಕೆ ಮುಂಚೆ ಹೇಳಲಿ. ಅದನ್ನೂ ಬಾಯಿಮಾತಿನಲ್ಲಿ ಬೇಡ, ಬರೆದು ಹೇಳಲಿ.